ಸಂಜೀವಯ್ಯ ಕೊಯ್ದ ನಾಲ್ಕು ಟೈರು

ದುಡ್ಡು ಕೊಟ್ಟು ಸಾಮಾನು ಕೊಳ್ಳಲು ಹೋದವನನ್ನು ಅಂಗಡಿಯವನೇ ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನೂ ಅಂಗಡಿಯವನೇ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ನಮ್ಮಪ್ಪ ಇಟ್ಟ ಟೈಲ್ಸ್ ಅಂಗಡಿಯನ್ನು ನಡೆಸುತ್ತಿದ್ದೆ. ಗಿರಾಕಿ ಬಚ್ಚಲಿಗೆ ಗುಲಾಬಿ ಬಣ್ಣದ ಟೈಲ್ಸ್ ಕೇಳಿದರೆ ಗುಲಾಬಿಯನ್ನೇ ಕಟ್ಟಿಕೊಟ್ಟು ಕಳಿಸುತ್ತಿದ್ದೆ, ಅಲ್ಲಿ ಸ್ನಾನ ಮಾಡುವವರು ಯಾರು ಎಂದು ವಿಚಾರಿಸುತ್ತಿರಲಿಲ್ಲ. ಹಾಗಾಗಿ ೨೦೦೧ರಲ್ಲಿ ಸಾರಕ್ಕಿ ಸಿಗ್ನಲ್ ಹತ್ತಿರದ ಸಂಜೀವಯ್ಯನವರ ಟೈರ್ ಅಂಗಡಿಗೆ ಮೊದಲ ಸಲ ಹೋದಾಗ, ಅವರು ಕೇಳಿದ ಪ್ರಶ್ನೆಗಳಿಗೆ ರೇಗಿಕೊಂಡು ಅರ್ಧಕ್ಕೇ ಎದ್ದು ಬರುವವನಿದ್ದೆ. ಎದ್ದು ಬಂದಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತು.

ಅವರಿಗೆ ಆಗ ಐವತ್ತರ ಹತ್ತಿರ, ನನಗೆ ಮೂವತ್ತೊಂದು. ಆದರೂ ಅವರಿಗೆ ನಾನು ‘ಸಾರ್’, ನನಗೆ ಅವರು ‘ನೀನು’. ಅದು ತಪ್ಪೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ನನಗೂ ತೋಚಿರಲಿಲ್ಲ. ಈಗ ಬರೆಯುವಾಗ ಬಹುವಚನ ತಾನಾಗಿಯೇ ಬರುತ್ತಿದೆ. ಬಂದು ಏನು ಪ್ರಯೋಜನ, ಕೇಳಿಸಿಕೊಳ್ಳಲು ಅವರಿಲ್ಲ.

ನನ್ನ ಕಾರು ಎರಡೇ ಸೀಟಿನದು. ಕೆಂಪು ಬಣ್ಣ, ಫೈಬರ್ ಬಾಡಿ, ತಲೆಯ ಮೇಲೆ ಮಡಚಿಡುವ ಕ್ಯಾನ್ವಾಸ್. ನಮ್ಮಮ್ಮ ಅದನ್ನು ಸೋಪಿನ ಡಬ್ಬಿ ಎನ್ನುತ್ತಿದ್ದಳು. ವಾರವೆಲ್ಲ ಅದರಲ್ಲೇ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಜೆ.ಪಿ. ನಗರದಲ್ಲಿ ಮನೆ ಕಟ್ಟಿಸುವವರ ಸೈಟುಗಳಿಗೆ ಓಡಾಟ. ವರ್ಷಕ್ಕೆ ಎರಡು ಮೂರು ಸಲ ಅದನ್ನೇ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಓಡಿಸಿಕೊಂಡು ಹೋಗಿ, ನನ್ನಂಥ ಹವ್ಯಾಸಿಗಳ ಜೊತೆ ಸುತ್ತು ಹೊಡೆದು, ಅದರಲ್ಲೇ ವಾಪಸು ಬರುತ್ತಿದ್ದೆ. ಈ ಎರಡಕ್ಕೂ ಒಗ್ಗುವ ನಾಲ್ಕು ಟೈರು ಬೇಕಿತ್ತು. ದೊಡ್ಡ ಶೋರೂಮುಗಳಲ್ಲಿ ಕೇಳಿದರೆ ಎಷ್ಟು ಸಾವಿರ ಕಿಲೋಮೀಟರ್ ಬಾಳಿಕೆ ಬರುತ್ತದೆ ಎಂಬ ಒಂದೇ ಮಂತ್ರ. ಸಂಜೀವಯ್ಯನವರ ಅಂಗಡಿಯ ಹೆಸರು ಹೇಳಿದವನು ನನ್ನ ಟೆಂಪೋ ಡ್ರೈವರ್ ಗುರುಸಿದ್ದ.

ಅಂಗಡಿ ಎಂದರೆ ಒಂದು ಶಟರಿನ ಜಾಗ, ಹೊರಗೆ ಗಾಳಿಯ ಮಿಷನ್ನು, ಒಳಗೋಡೆಯಲ್ಲಿ ಬುದ್ಧನದೊಂದು ಫೋಟೊ. ಸಂಜೀವಯ್ಯ ನನ್ನ ಕಾರನ್ನು ಒಂದು ಸುತ್ತು ಹಾಕಿ ಬಂದರು.

“ತಿಂಗಳಿಗೆ ಎಷ್ಟು ದಿನ ರೋಡಲ್ಲಿ ಓಡಿಸ್ತೀರಾ ಸಾರ್, ಎಷ್ಟು ದಿನ ರೇಸಿಗೆ?”

“ರೇಸು ವರ್ಷಕ್ಕೆ ಎರಡೋ ಮೂರೋ ಸಲ. ಮಿಕ್ಕಿದ್ದೆಲ್ಲ ರೋಡೇ.”

“ಅಲ್ಲಿಗೆ ಲಾರಿ ಮೇಲೆ ಹಾಕ್ಕೊಂಡು ಹೋಗ್ತೀರಾ, ಓಡಿಸ್ಕೊಂಡೇ ಹೋಗ್ತೀರಾ?”

“ಓಡಿಸ್ಕೊಂಡೇ ಹೋಗ್ತೀನಿ. ಅದೆಲ್ಲ ನಿನಗ್ಯಾಕಪ್ಪ? ಇರೋದ್ರಲ್ಲಿ ದಪ್ಪ ಟೈರು ಯಾವುದಿದೆ ತೋರಿಸು.”

“ಹಂಗಾದ್ರೆ ವಾಪಸ್ಸೂ ಅದರಲ್ಲೇ ಬರ್ಬೇಕಲ್ಲ ಸಾರ್,” ಎಂದರು, ನಾನು ರೇಗಿದ್ದು ಕಿವಿಗೇ ಬೀಳದವರಂತೆ. “ನಿಮ್ದು ಹಗುರ ಗಾಡಿ. ದಪ್ಪ ಟೈರ್ ಹಾಕಿದ್ರೆ ನೋಡೋಕೆ ಸಖತ್ತಾಗಿರುತ್ತೆ. ಮಳೇಲಿ ನೀರಿನ ಮೇಲೆ ತೇಲ್ಕೊಂಡ್ ಹೋಗುತ್ತೆ. ರೋಡಿಗೂ ಟ್ರ್ಯಾಕಿಗೂ ಪೂರ್ತಿ ಒಗ್ಗೋ ಟೈರು ಯಾರೂ ಮಾಡಿಲ್ಲ. ಯಾವುದರಲ್ಲಿ ಎಷ್ಟು ಕಳ್ಕೊಳೋಕೆ ರೆಡಿ ಇದ್ದೀರಾ ಅಂತ ನೀವು ಹೇಳ್ಬೇಕು, ಆಮೇಲೆ ನಾನು ಟೈರ್ ಹೇಳ್ತೀನಿ.”

ಎರಡು ಟೈರು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. ಒಂದೊಂದಕ್ಕೂ ಹೆಬ್ಬೆರಳಿನ ಉಗುರನ್ನು ಒತ್ತಿ ತೆಗೆದರು. ಒಂದರಲ್ಲಿ ಗುರುತೇ ಬೀಳಲಿಲ್ಲ. ಇನ್ನೊಂದರಲ್ಲಿ ಸಣ್ಣ ಅರ್ಧಚಂದ್ರ ಮೂಡಿ, ನಿಧಾನವಾಗಿ ಮಾಯವಾಯಿತು. ಗಟ್ಟಿಯದು ಐದು ವರ್ಷ ಬರುತ್ತದೆ, ತಿರುವಿನಲ್ಲಿ ಜಾರುತ್ತದೆ. ಮೆತ್ತನೆಯದು ಎರಡು ವರ್ಷಕ್ಕೇ ಸವೆಯುತ್ತದೆ, ಆದರೆ ಕಚ್ಚಿ ಹಿಡಿಯುತ್ತದೆ. “ಟೈರ್ ಉಳಿಸ್ಬೇಕಾ ಸಾರ್, ನಿಮ್ಮನ್ನ ಉಳಿಸ್ಬೇಕಾ?” ಎಂದು ಕೇಳಿದರು. ನಾನು ಮೆತ್ತನೆಯದನ್ನೇ ಹಾಕಿಸಿಕೊಂಡೆ. ಹೊರಡುವಾಗ ಒಂದು ಸೀಮೆಸುಣ್ಣದ ತುಂಡು ಕೊಟ್ಟರು. ಟ್ರ್ಯಾಕಿಗೆ ಇಳಿಯುವ ಮುಂಚೆ ಟೈರಿನ ಪಕ್ಕೆಗೆ ಅಡ್ಡಗೆರೆ ಎಳೆಯಬೇಕು, ಮೂರು ಸುತ್ತು ಹೊಡೆದು ನೋಡಬೇಕು, ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅದರ ಮೇಲೆ ಗಾಳಿ ಹೆಚ್ಚು ಕಮ್ಮಿ ಮಾಡಿಕೊಳ್ಳಬೇಕು. ಭಾರ ಹೇರುವ ಟೆಂಪೋಗಳಿಗೆ ಅವರು ತಾವೇ ಕಂಡುಕೊಂಡಿದ್ದ ಉಪಾಯ ಅದು. ಚೆನ್ನೈನಲ್ಲಿ ಮೊದಲ ದಿನವೇ ನಾನು ಹಿಂದಿನ ಸಲಕ್ಕಿಂತ ಪ್ರತಿ ಸುತ್ತಿನಲ್ಲೂ ಎರಡು ಸೆಕೆಂಡು ಮುಂದಿದ್ದೆ. ಸೀಮೆಸುಣ್ಣದ ವಿಷಯ ಅಲ್ಲಿ ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಎರಡು ವರ್ಷ ಅವರ ಅಂಗಡಿಗೆ ಹೋಗಿಬರುತ್ತಿದ್ದೆ. ಬೀದಿಯವರೆಲ್ಲ ಅವರನ್ನು ಬ್ಲೇಡ್ ಸಂಜೀವಯ್ಯ ಎಂದು ಕರೆಯುತ್ತಾರೆ ಎಂಬುದು ಗೊತ್ತಾದದ್ದೂ ಆಗಲೇ. ನಮ್ಮ ಬೆಂಗಳೂರಿನಲ್ಲಿ ಬ್ಲೇಡ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಜನರ ಉಳಿತಾಯ ನುಂಗಿ ರಾತ್ರೋರಾತ್ರಿ ಬಾಗಿಲು ಹಾಕಿದ ಚೀಟಿ ಕಂಪನಿಗಳಿಗೆ ಬ್ಲೇಡ್ ಕಂಪನಿ ಎಂದೇ ಹೆಸರು. ಮೋಸ ಮಾಡಿದರೆ ಬ್ಲೇಡ್ ಹಾಕಿದ ಎನ್ನುತ್ತೇವೆ. ಸಂಜೀವಯ್ಯನವರ ಬ್ಲೇಡು ಮಾತ್ರ ನಿಜವಾದದ್ದು.

ಪುಟ್ಟೇನಹಳ್ಳಿಯ ಹಳೇ ಊರಿನವರು ಅವರು. ತೊಂಬತ್ತರ ದಶಕದ ಮೊದಲಿಗೆ ಸಾರಕ್ಕಿಯ ಒಂದು ಹೊಂಗೆ ಮರದ ಕೆಳಗೆ ಟೈರ್ ಕಟಿಂಗ್ ಮಾಡುತ್ತಿದ್ದರು. ಸವೆದು ಬೋಳಾದ ಟೈರಿನಲ್ಲಿ ಕಾದ ಬ್ಲೇಡಿನಿಂದ ಹೊಸ ಗೆರೆಗಳನ್ನು ಕೊಯ್ದರೆ ಅದು ನೋಡಲು ಅರ್ಧ ಆಯಸ್ಸಿನ ಟೈರಿನಂತೆ ಕಾಣುತ್ತದೆ. ಆಟೋದವರು, ಟೆಂಪೋದವರು ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಅವರ ಕೈ ಅಷ್ಟು ಚೊಕ್ಕ, ಕಂಪನಿಯ ಗೆರೆ ಯಾವುದು, ಇವರ ಗೆರೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆದರೆ ಬೋಳು ಟೈರಿನಲ್ಲಿ ಉಳಿದಿರುವುದೇ ಒಂದು ಪದರ ರಬ್ಬರು. ಅದರಲ್ಲೂ ಕೊಯ್ದರೆ ಏನು ಉಳಿಯುತ್ತದೆ? ೧೯೯೭ರಲ್ಲಿ ಅವರು ಕೊಯ್ದ ಟೈರು ಹಾಕಿಕೊಂಡಿದ್ದ ಆಟೋ ಒಂದು, ಸ್ಕೂಲ್ ಮಕ್ಕಳನ್ನು ತುಂಬಿಕೊಂಡು ಹೋಗುವಾಗ ಟೈರ್ ಸಿಡಿದು ಮಗುಚಿತು. ಯಾರೂ ಸಾಯಲಿಲ್ಲ. ಒಂದು ಹುಡುಗಿಯ ತೋಳಿನ ಮೂಳೆ ಮುರಿಯಿತು. ಆ ಹುಡುಗಿ ಸಂಜೀವಯ್ಯನವರ ಮಗಳು ಲತಾಮಣಿಯ ಪಕ್ಕದಲ್ಲೇ ಕೂರುವವಳು, ಒಂದೇ ಕ್ಲಾಸು, ಒಂದೇ ಬೆಂಚು.

ಅವತ್ತಿಗೆ ಅವರು ಕಟಿಂಗ್ ಬಿಟ್ಟರು. ಪುಟ್ಟೇನಹಳ್ಳಿಯಲ್ಲಿ ಭಾನುವಾರಗಳಂದು ಬುದ್ಧವಂದನೆಗೆ ಸೇರುವ ಮನೆಗಳೊಂದಿಗೆ ಅವರ ಮನೆಯೂ ಸೇರಿತು. ಸುಳ್ಳಾಡುವುದಿಲ್ಲ ಎಂಬುದೂ ಸೇರಿದ ಪಂಚಶೀಲವನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ, ಇವರು ಪಾಲಿಸಲು ಹೊರಟರು. ಸಾಲ ಸೋಲ ಮಾಡಿ ಹೊಸ ಟೈರು ಮಾರುವ ಅಂಗಡಿ ಇಟ್ಟರು. ಗಿರಾಕಿಗೆ ಒಂದೂ ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೇ ವ್ಯಾಪಾರ ಅಷ್ಟಕ್ಕಷ್ಟೇ ಇತ್ತು. ಇಷ್ಟಾದರೂ ಬ್ಲೇಡ್ ಎಂಬ ಹೆಸರು ಹೋಗಲಿಲ್ಲ. ಕ್ಲಾಸಿನಲ್ಲಿ ಮಗಳನ್ನು ‘ಬ್ಲೇಡ್ ಮಗಳು’ ಎಂದು ಕರೆದರು. ಅವಳು ಅಪ್ಪನ ಜೊತೆ ಜಗಳವಾಡಲಿಲ್ಲ. ಅಂಗಡಿಯ ಮುಂದೆ ಬಸ್ ನಿಲ್ಲುತ್ತಿದ್ದರೂ ಒಂದು ಸ್ಟಾಪು ಹಿಂದೆಯೇ ಇಳಿದು ಬೇರೆ ದಾರಿಯಲ್ಲಿ ನಡೆದು ಮನೆಗೆ ಹೋಗುತ್ತಿದ್ದಳು.

೨೦೦೩ರ ಸೆಪ್ಟೆಂಬರಿನಲ್ಲಿ ಚೆನ್ನೈನ ತಂಡವೊಂದರಿಂದ ನಾನು ನಾಲ್ಕು ರೇಸ್ ಟೈರು ತಂದೆ. ಸ್ಲಿಕ್ ಎನ್ನುತ್ತಾರೆ, ಒಂದೂ ಗೆರೆಯಿಲ್ಲದ ನುಣ್ಣನೆಯ ಟೈರು. ಒಣಗಿದ ಟ್ರ್ಯಾಕಿನಲ್ಲಿ ಅದಕ್ಕೆ ಸಮನಿಲ್ಲ, ಆದರೆ ನೀರು ಬಿದ್ದರೆ ಸಾಬೂನು ಮೆಟ್ಟಿದ ಹಾಗೆ. ಅಕ್ಟೋಬರಿನ ರೇಸು, ಅಲ್ಲಿ ಆಗ ಮಳೆಗಾಲ. ಗುರುಸಿದ್ದ ಅವನ್ನು ಟೆಂಪೋದಿಂದ ಇಳಿಸಿಕೊಟ್ಟಾಗ ಸಂಜೀವಯ್ಯನವರ ಮುಖ ಗಂಟಿಕ್ಕಿತು.

“ಬೋಳು ಟೈರ್ ನಾನು ಮುಟ್ಟಲ್ಲ ಸಾರ್. ನಿಮಗೆ ಗೊತ್ತಲ್ಲ.”

“ಇದು ಸವೆದು ಬೋಳಾಗಿದ್ದಲ್ಲ ಮಾರಾಯ, ಹುಟ್ಟಾ ಹೀಗೇ. ಕೈಯಿಟ್ಟು ನೋಡು, ರಬ್ಬರು ಎಷ್ಟು ಮಂದ ಇದೆ.”

ಅವರು ಉಗುರು ಒತ್ತಿದರು. ಅರ್ಧಚಂದ್ರ ಆಳವಾಗಿ ಬಿತ್ತು, ಬೇಗ ಹೋಗಲಿಲ್ಲ. ಮತ್ತೆ ಒತ್ತಿದರು. ವಿದೇಶದ ರೇಸುಗಳಲ್ಲಿ ತುಂತುರು ಮಳೆ ಬಂದರೆ ಇಂಥದ್ದರಲ್ಲೇ ಕೈಯಿಂದ ಗೆರೆ ಕೊಯ್ದು ಓಡಿಸುತ್ತಾರೆ ಎಂದು ನಾನು ಹೇಳಿದೆ. ನಂಬದವರಂತೆ ನನ್ನನ್ನು ನೋಡಿದರು.

“ಕೈಯಿಂದಾನಾ? ಅದು ಮೋಸ ಅಲ್ವಾ?”

“ಮೋಸ ಎಲ್ಲಿ ಬಂತು? ಹಳೇದನ್ನ ಹೊಸದು ಅಂತ ತೋರಿಸೋಕೆ ಕೊಯ್ಯೋದಲ್ಲ, ನೀರು ಹೋಗ್ಲಿ ಅಂತ ಕೊಯ್ಯೋದು. ಅಲ್ಲೆಲ್ಲ ಇದಕ್ಕೆ ಕೈ ಪಳಗಿದೋರನ್ನ ಹುಡುಕ್ಕೊಂಡ್ ಹೋಗ್ತಾರೆ.”

ಮಾರನೇ ದಿನ ಅವರೇ ನನ್ನ ಟೈಲ್ಸ್ ಅಂಗಡಿಗೆ ಬಂದು, ಕೊಯ್ದುಕೊಡುತ್ತೇನೆ, ಆದರೆ ತಮ್ಮ ಅಂಗಡಿಯಲ್ಲಿ ಬೇಡ ಎಂದರು. ಮತ್ತೆ ಅವರ ಕೈಯಲ್ಲಿ ಬ್ಲೇಡ್ ಕಂಡರೆ ಬೀದಿಯವರು ಸುಮ್ಮನಿರುತ್ತಾರೆಯೇ? ಹಾಗಾಗಿ ಜಯನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ, ಗೇಟು ಮುಚ್ಚಿಕೊಂಡು, ಮೂರು ಮಧ್ಯಾಹ್ನ ಕೆಲಸ ಮಾಡಿದರು.

ಕೊಯ್ಯುವ ಮುಂಚೆ ಅವರು ಕೇಳಿದ ಪ್ರಶ್ನೆಗಳಿಗೆ ಈ ಸಲ ನನಗೆ ಸಿಟ್ಟು ಬರಲಿಲ್ಲ. ಅಲ್ಲಿ ಮಳೆ ಜಡಿಯುತ್ತದೋ ಜಿನುಗುತ್ತದೋ? ಟ್ರ್ಯಾಕಿನಲ್ಲಿ ನೀರು ನಿಲ್ಲುತ್ತದೋ ಹರಿದುಹೋಗುತ್ತದೋ? ಬಲ ತಿರುವು ಹೆಚ್ಚೋ ಎಡ ತಿರುವು ಹೆಚ್ಚೋ? ಬಲ ತಿರುವೇ ಹೆಚ್ಚು ಎಂದಾಗ, ಹಾಗಾದರೆ ಭಾರವೆಲ್ಲ ಎಡಗಡೆಯ ಟೈರಿನ ಹೊರ ಅಂಚಿಗೆ ಬೀಳುತ್ತದೆ, ಅಲ್ಲಿ ಗೆರೆ ಕಮ್ಮಿ ಇರಲಿ ಎಂದರು. ಸುಣ್ಣದಿಂದ ಗುರುತು ಹಾಕಿಕೊಂಡು, ಕರೆಂಟಿನಲ್ಲಿ ಕಾಯುವ ಆ ಪುಟ್ಟ ಬಾಗು ಬ್ಲೇಡನ್ನು ಹಿಡಿದು ಕೂತರೆ ಮಾತೇ ಇಲ್ಲ. ರಬ್ಬರು ಕಪ್ಪು ಶಾವಿಗೆಯಂತೆ ಎಳೆಯೆಳೆಯಾಗಿ ಬರುತ್ತಿತ್ತು. ಶೆಡ್ಡಿನ ತುಂಬ ಸುಟ್ಟ ವಾಸನೆ, ಕಣ್ಣಲ್ಲಿ ನೀರು. ನಮ್ಮಮ್ಮ ಎರಡೆರಡು ಸಲ ಬಂದು ಬೈದು ಹೋದಳು. ಎರಡನೆಯ ಮಧ್ಯಾಹ್ನ ಅವರು ತಲೆಯೆತ್ತಿ ನಕ್ಕರು. “ಆರು ವರ್ಷ ಆಯ್ತು ಸಾರ್. ಕೈ ಮರೆತಿಲ್ಲ ನೋಡಿ,” ಎಂದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮೂರನೆಯ ದಿನ ಕೆಲಸ ಮುಗಿದ ಮೇಲೆ ಕೂಲಿ ಎಷ್ಟೆಂದು ಕೇಳಿದೆ.

“ಕೂಲಿ ಬೇಡ ಸಾರ್. ಒಂದ್ ಮಾತು. ಇದನ್ನ ಯಾರು ಕೊಯ್ದಿದ್ದು ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ, ಪುಟ್ಟೇನಹಳ್ಳಿ ಸಂಜೀವಯ್ಯ ಅಂತ ಹೇಳಿ. ಅಷ್ಟೇ.”

“ಅಯ್ಯೋ, ಅದೇನ್ ಮಹಾ! ಮೈಕಲ್ಲೇ ಹೇಳಿಸ್ತೀನಿ ಬಿಡು.”

ಅವರು ನಗಲಿಲ್ಲ. “ನನ್ನ ಮಗಳಿಗೆ ಒಂದ್ಸಲ ಗೊತ್ತಾಗ್ಬೇಕು ಸಾರ್, ಈ ಕೈ ಬರೀ ಮೋಸ ಮಾಡಿದ್ ಕೈ ಅಲ್ಲ ಅಂತ. ನಾನು ಹೇಳಿದ್ರೆ ಆಗಲ್ಲ. ಬೇರೆಯೋರ ಬಾಯಲ್ಲಿ ಬರ್ಬೇಕು.”

ಆಯಿತು ಎಂದು ಮಾತು ಕೊಟ್ಟೆ.

ರೇಸಿನ ದಿನ ಬೆಳಗ್ಗೆ ಜಿಟಿಜಿಟಿ ಮಳೆ. ಸಂಜೀವಯ್ಯನವರೇ ಹೇಳಿ ತರಿಸಿದ ಹಾಗಿತ್ತು. ನನ್ನ ರೋಡಿನ ಟೈರುಗಳನ್ನು ಬಿಚ್ಚಿ, ಲಾರಿಯಲ್ಲಿ ಮುಂಚೆಯೇ ಕಳಿಸಿದ್ದ ಈ ನಾಲ್ಕನ್ನು ಹಾಕಿಸುತ್ತಿದ್ದೆ. ಗಾಡಿಗಳನ್ನು ತಪಾಸಣೆ ಮಾಡುವ ಹಿರಿಯರೊಬ್ಬರು, ಚೆನ್ನೈನವರು, ಬಂದು ಕುಕ್ಕರುಗಾಲಿನಲ್ಲಿ ಕೂತು ಗೆರೆಗಳ ಮೇಲೆ ಬೆರಳಾಡಿಸಿದರು. ಎಡಕ್ಕೂ ಬಲಕ್ಕೂ ಇದ್ದ ವ್ಯತ್ಯಾಸ ಅವರ ಕಣ್ಣಿಗೆ ಬಿತ್ತು. ಸುತ್ತಲಿದ್ದವರನ್ನೆಲ್ಲ ಕರೆದು ತೋರಿಸಿದರು. ದೊಡ್ಡ ದೊಡ್ಡ ತಂಡಗಳ ಹುಡುಗರು, ಕಂಪನಿಯ ಜಾಕೆಟ್ ಹಾಕಿದವರು, ನನ್ನ ಸೋಪಿನ ಡಬ್ಬಿಯ ಸುತ್ತ ನೆರೆದರು. ಇಷ್ಟು ಚೆನ್ನಾಗಿ ಕೊಯ್ದದ್ದು ಯಾರು ಎಂದು ಆ ಹಿರಿಯರು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ತಲೆಯಲ್ಲಿ ಆಗ ಓಡಿದ್ದನ್ನು ಮುಚ್ಚಿಡುವುದಿಲ್ಲ. ಫುಟ್‌ಪಾತಿನಲ್ಲಿ ಆಟೋ ಟೈರು ಕೊಯ್ಯುತ್ತಿದ್ದವನು ಎಂದರೆ ಇವರೆಲ್ಲ ನಗುತ್ತಾರೆ. ಸುರಕ್ಷಿತವಲ್ಲ ಎಂದು ಗಾಡಿಯನ್ನು ತಡೆದರೂ ತಡೆದಾರು. ಇಷ್ಟು ಅರ್ಧ ಕಾರಣ. ಇನ್ನರ್ಧ, ಅಷ್ಟು ಜನ ನನ್ನನ್ನು ಅಷ್ಟು ಗೌರವದಿಂದ ಅದುವರೆಗೆ ನೋಡಿರಲಿಲ್ಲ.

“ನಾನೇ,” ಎಂದೆ.

ಹತ್ತು ಸುತ್ತಿನ ರೇಸು. ಸ್ಲಿಕ್ಕಿನಲ್ಲೇ ಧೈರ್ಯ ಮಾಡಿದವರು ಎರಡನೇ ಸುತ್ತಿಗೆ ಹುಲ್ಲಿನಲ್ಲಿದ್ದರು. ರೋಡಿನ ಟೈರು ಹಾಕಿದವರು ತಿರುವು ತಿರುವಿಗೂ ಹಿಂದೆ ಬಿದ್ದರು. ನನ್ನ ಕಾರು ಎಡ ಅಂಚಿನ ಮೇಲೆ ಭಾರ ಹಾಕಿ, ಹಳಿಯ ಮೇಲಿದ್ದಂತೆ ಬಲಕ್ಕೆ ತಿರುಗುತ್ತಿತ್ತು. ನನ್ನ ವರ್ಗದಲ್ಲಿ ಮೊದಲನೆಯವನಾದೆ. ಅದಕ್ಕೆ ಮೊದಲೂ, ಆಮೇಲೂ ನಾನು ಏನನ್ನೂ ಗೆದ್ದವನಲ್ಲ. ಬೆಂಗಳೂರಿನ ಕನ್ನಡ ಪೇಪರೊಂದರ ವರದಿಗಾರ ಬಂದು ನನ್ನನ್ನು ಟೈರಿನ ಪಕ್ಕ ಕೂರಿಸಿ ಫೋಟೊ ತೆಗೆದ. ‘ಗೆರೆ ನೀವೇ ಕೊಯ್ದದ್ದಂತೆ?’ ಎಂದು ಕೇಳಿದ. ತಿದ್ದಿಕೊಳ್ಳಲು ದೇವರು ಕೊಟ್ಟ ಎರಡನೇ ಅವಕಾಶ ಅದು. ಆ ಹಿರಿಯರು ಪಕ್ಕದಲ್ಲೇ ನಿಂತಿದ್ದರು. ನಾನು ತಲೆಯಾಡಿಸಿದೆ.

ಆಮೇಲೆ ಮಾಡಿದ್ದು ಇನ್ನೂ ಹೀನ ಕೆಲಸ, ಅದೂ ಖುಷಿಯಲ್ಲಿ. ಸಂಜೀವಯ್ಯನವರ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಅವರನ್ನು ಕರೆಸಿದೆ. “ಗೆದ್ವಿ ಸಂಜೀವಯ್ಯ! ನಿನ್ನ ಟೈರ್ ಕಚ್ಕೊಂಡ್ ಹೋಯ್ತು! ಪೇಪರ್‌ನೋರೂ ಬಂದಿದ್ರು, ಮುಂದಿನ ವಾರ ಬರುತ್ತೆ, ನೋಡು,” ಎಂದೆ. ಪೇಪರಿನಲ್ಲಿ ಏನು ಬರುತ್ತದೆ ಎಂಬುದು ಆ ಕ್ಷಣ ನನಗೆ ನೆನಪೇ ಇರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ.

ಪೇಪರಿನಲ್ಲಿ ನನ್ನ ಫೋಟೊ ಬಂತು. ಕೆಳಗೆ, ‘ತಮ್ಮ ಕೈಯಿಂದಲೇ ಟೈರಿಗೆ ಗೆರೆ ಕೊಯ್ದು ಗೆದ್ದ ಜಯನಗರದ ಉದ್ಯಮಿ ವೆಂಕಟಾಚಲ’ ಎಂದು ಬರೆದಿತ್ತು. ಅಂಗಡಿಯಲ್ಲಿ ಅದಕ್ಕೆ ಚೌಕಟ್ಟು ಹಾಕಿಸೋಣ ಎಂದು ಗುರುಸಿದ್ದ ಹೇಳಿದ. ನಾನು ಬೇಡ ಎಂದೆ. ನಾಲ್ಕು ತಿಂಗಳು ಸಾರಕ್ಕಿ ಸಿಗ್ನಲ್ ಕಡೆಗೇ ಹೋಗಲಿಲ್ಲ, ಬನಶಂಕರಿಯ ಮೇಲೆ ಸುತ್ತಿ ಓಡಾಡಿದೆ.

ಕೊನೆಗೆ ಹೋಗಲೇಬೇಕಾಯಿತು. ರೋಡಿನ ಟೈರು ಸವೆದಿತ್ತು, ಬೇರೆಯವರ ಹತ್ತಿರ ಹಾಕಿಸಿಕೊಳ್ಳಲು ಭಯ. ಸಂಜೀವಯ್ಯ “ಬನ್ನಿ ಸಾರ್” ಎಂದರು, ಎಂದಿನಂತೆ ಉಗುರು ಒತ್ತಿ ನೋಡಿ ಟೈರು ಆರಿಸಿದರು, ಕೂತು ಚಕ್ರ ಬಿಚ್ಚಿದರು. ಸ್ವಲ್ಪ ಸೊರಗಿದ್ದರು. ನಾನೇ ಬಾಯಿ ತೆಗೆದೆ.

“ಆ ಪೇಪರ್‌ನೋರು ನೋಡು ಸಂಜೀವಯ್ಯ, ಏನೋ ಹೇಳಿದ್ರೆ ಏನೋ ಬರ್ದುಬಿಟ್ಟಿದ್ದಾರೆ.”

ಅವರು ತಲೆಯೆತ್ತಲಿಲ್ಲ. “ಹೌದಾ ಸಾರ್,” ಎಂದರು. ಇನ್ನೊಂದು ನಟ್ಟು ಸಡಿಲಿಸಿದರು. “ಮಗಳಿಗೆ ಒಂದ್ ಮಾತು ನೀವೇ ಹೇಳ್ತೀರಾ? ನಮ್ ಮನೇಗೆ ಬಂದು. ನೀವು ಹೇಳಿದ್ರೆ ನಂಬ್ತಾಳೆ.”

ನನ್ನ ಈ ಸುಳ್ಳೂ ಅವರಿಗೆ ಗೊತ್ತಾಗಿತ್ತು. ಗೊತ್ತಾದರೂ ನನಗೊಂದು ಬಾಗಿಲು ತೆರೆದಿಟ್ಟಿದ್ದರು.

“ಖಂಡಿತ ಹೇಳ್ತೀನಿ. ಈ ಭಾನುವಾರವೇ ಬರ್ತೀನಿ.”

ಆ ಭಾನುವಾರ ಯಾರದೋ ಗೃಹಪ್ರವೇಶ. ಮುಂದಿನ ಭಾನುವಾರ ಮಳೆ. ಅದರ ಮುಂದಿನದಕ್ಕೆ ಯಾವ ನೆಪವೂ ಇರಲಿಲ್ಲ, ಆದರೂ ಹೋಗಲಿಲ್ಲ. ಮೂರು ವಾರ ತಡವಾದ ಮೇಲೆ ಹೋಗುವುದು ಮೊದಲಿಗಿಂತ ಕಷ್ಟ, ಮೂರು ತಿಂಗಳಾದ ಮೇಲೆ ಇನ್ನೂ ಕಷ್ಟ. ೨೦೦೫ರಲ್ಲಿ ನನಗೆ ಮಗ ಹುಟ್ಟಿದ, ಎರಡು ಸೀಟಿನ ಕಾರನ್ನು ಮಾರಿದೆ. ಆ ನಾಲ್ಕು ಟೈರುಗಳನ್ನು ಶೆಡ್ಡಿನಲ್ಲಿ ಜಾಗವಿಲ್ಲ ಎಂದು ನಮ್ಮಮ್ಮ ಗುಜರಿಯವನಿಗೆ ಹಾಕಿದಳು. ಹೊಸ ಕಾರಿಗೆ ಟೈರು ಹಾಕಿಕೊಡುವವರು ಶೋರೂಮಿನಲ್ಲೇ ಇದ್ದರು. ಸಂಜೀವಯ್ಯನವರನ್ನು ನಾನು ಆಮೇಲೆ ನೋಡಲೇ ಇಲ್ಲ.

೨೦೦೯ರ ಜುಲೈನಲ್ಲಿ ಸಾರಕ್ಕಿ ಸಿಗ್ನಲಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದೆ. ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ, ಮಧ್ಯೆ ಸಂಜೀವಯ್ಯನವರ ಫೋಟೊ. ಬೀದಿಯ ಹುಡುಗರು ಪ್ರೀತಿಯಿಂದಲೇ ಹಾಕಿಸಿದ್ದು. ಜನರಿಗೆ ಗುರುತು ಸಿಗಲಿ ಎಂದು ಹೆಸರಿನ ಕೆಳಗೆ ‘ಬ್ಲೇಡ್ ಸಂಜೀವಣ್ಣ’ ಎಂದೂ ಅಚ್ಚು ಮಾಡಿಸಿದ್ದರು. ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತಿದ್ದವು, ನಾನು ಆ ಹೆಸರನ್ನು ಮತ್ತೆ ಓದುತ್ತಿದ್ದೆ.

ಅವತ್ತೇ ಪುಟ್ಟೇನಹಳ್ಳಿಯ ಅವರ ಮನೆ ಹುಡುಕಿಕೊಂಡು ಹೋದೆ, ಐದು ವರ್ಷ ತಡವಾಗಿ. ಸಂಜೀವಯ್ಯನವರ ಹೆಂಡತಿ ತಿಮ್ಮಕ್ಕ ಒಬ್ಬರೇ ಇದ್ದರು. ಹತ್ತು ದಿನ ಜ್ವರ, ಆಮೇಲೆ ನ್ಯುಮೋನಿಯಾ ಎಂದರಂತೆ. ನಾನು ಯಾರೆಂದು ಹೇಳಿದೆ. ಅವರು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬನ್ನಿ ಎನ್ನಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಒಳಗೆ ಕೂತ ಮೇಲೆ, ಆ ಪೇಪರಿನ ದಿನ ಏನಾಯಿತೆಂದು ನಾನು ಕೇಳದೆಯೇ ಹೇಳಿದರು.

ನನ್ನ ಫೋನು ಬಂದ ಮೇಲೆ ಸಂಜೀವಯ್ಯನವರು ಬೀದಿಗೆಲ್ಲ ಹೇಳಿದ್ದರು. ಬುದ್ಧವಂದನೆ ನಡೆಸಿಕೊಡುವ ರಿಟೈರ್ಡ್ ಮೇಷ್ಟ್ರು ಚನ್ನಿಗರಾಯಪ್ಪನವರು, ‘ನಮ್ಮ ಸಂಜೀವಯ್ಯನವರ ಕೈಕೆಲಸ ಪೇಪರಿನಲ್ಲಿ ಬರಲಿದೆ’ ಎಂದು ಭಾನುವಾರ ಎಲ್ಲರೆದುರು ಸಾರಿದ್ದರು. ಪೇಪರ್ ಬಂದ ದಿನ ಸಂಜೀವಯ್ಯ ಐದು ಪ್ರತಿ ಕೊಂಡು, ಒಂದನ್ನೂ ಬಿಡಿಸಿ ನೋಡದೆ ಮನೆಗೆ ತಂದು, ಮಗಳ ಕೈಗೆ ಕೊಟ್ಟು, ಗಟ್ಟಿಯಾಗಿ ಓದಮ್ಮ ಎಂದಿದ್ದರು. ಮೇಷ್ಟ್ರೂ ಇದ್ದರು, ಅಕ್ಕಪಕ್ಕದವರೂ ಇದ್ದರು. ಲತಾಮಣಿ ಗಟ್ಟಿಯಾಗಿಯೇ ಓದಿದಳು.

“ಓದಿ ಪೇಪರ್ ಮಡಚಿ ಇಟ್ಲು,” ಎಂದರು ತಿಮ್ಮಕ್ಕ. “ಮೇಷ್ಟ್ರು ಟೀ ಕುಡೀದೆ ಎದ್ದೋದ್ರು. ಮಾರನೇ ದಿನದಿಂದ ಬೀದೀಲಿ ಒಂದೇ ಮಾತು, ಸಂಜೀವಯ್ಯ ಮತ್ತೆ ಬ್ಲೇಡ್ ಹಾಕ್ದ ಅಂತ. ಅದು ಹೋಗ್ಲಿ. ಮಗಳು ಕೇಳಿದ್ಲು, ‘ಯಾಕಪ್ಪಾ ಸುಳ್ಳು ಹೇಳ್ದೆ? ಶೀಲ ತಗೊಂಡಿದ್ದೀನಿ ಅಂತೀಯಲ್ಲ’ ಅಂತ. ಅವ್ರು ಒಂದೇ ಒಂದು ಮಾತು ಅಂದ್ರು, ‘ಆ ಸಾರ್ ಬರ್ತಾರೆ, ಅವ್ರೇ ಹೇಳ್ತಾರೆ’ ಅಂತ. ಎಷ್ಟ್ ಭಾನುವಾರ ಮನೆ ಮುಂದೆ ನೀರ್ ಹಾಕ್ಸಿ ಕೂತಿದ್ರು.”

ತಪ್ಪಾಯಿತು ಎಂದೆ.

“ನಂಗೆ ಗೊತ್ತಿತ್ತು,” ಎಂದರು ಅವರು. “ಮೂರು ದಿನ ಅಂಗಿಯೆಲ್ಲ ಸುಟ್ ರಬ್ಬರ್ ವಾಸನೆ. ಲತಾಗೆ ಹೇಳ್ದೆ. ‘ಟೈರ್ ಅಂಗಡಿಯೋರ ಅಂಗೀಲಿ ಇನ್ನೇನು ವಾಸನೆ ಬರುತ್ತಮ್ಮ’ ಅಂದ್ಲು. ಹೆಂಡ್ತಿ ಹೇಳಿದ್ರೆ ಗಂಡನ್ನ ವಹಿಸ್ಕೊಂಡ್ ಬಂದ್ಲು ಅಂತಾರೆ. ಭಾನುವಾರ ಹಾಲ್‌ನಲ್ಲಿ ಎಲ್ಲಾ ಸೇರ್ತಾರೆ. ನಿಮಗೆ ಮನಸ್ಸಿದ್ರೆ ಬಂದು ಹೇಳಿ.”

ಆ ಭಾನುವಾರ ಹೋದೆ. ಒಂದು ಮನೆಯ ಮಹಡಿಯ ಮೇಲೆ ಶೀಟು ಹಾಕಿದ ಹಾಲು. ನಲವತ್ತು ಜನ ಬಿಳಿ ಬಟ್ಟೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಲತಾಮಣಿಗೆ ಈಗ ಇಪ್ಪತ್ತೈದು, ಪದ್ಮನಾಭನಗರದ ಟ್ಯೂಶನ್ ಸೆಂಟರೊಂದರಲ್ಲಿ ಲೆಕ್ಕ ಹೇಳಿಕೊಡುತ್ತಾಳೆ ಎಂದು ತಿಮ್ಮಕ್ಕ ಹೇಳಿದ್ದರು. ಅವಳು ಮುಂದಿನ ಸಾಲಿನಲ್ಲಿದ್ದಳು, ಅಪ್ಪನದೇ ಹಣೆ. ವಂದನೆ ಮುಗಿದ ಮೇಲೆ ಚನ್ನಿಗರಾಯಪ್ಪ ಮೇಷ್ಟ್ರು, ಸಂಜೀವಯ್ಯನವರ ಬಗ್ಗೆ ಯಾರಾದರೂ ಮಾತಾಡುವುದಿದ್ದರೆ ಮಾತಾಡಬಹುದು ಎಂದರು. ನಾನು ಎದ್ದು ನಿಂತೆ.

ಏನನ್ನೂ ಬಿಡಲಿಲ್ಲ. ಶೆಡ್ಡು, ಮೂರು ಮಧ್ಯಾಹ್ನ, ಬೇಡವೆಂದ ಕೂಲಿ, ಕೊಟ್ಟ ಮಾತು, ಅಲ್ಲಿ ‘ನಾನೇ’ ಎಂದದ್ದು, ಪೇಪರಿನವನಿಗೆ ತಲೆಯಾಡಿಸಿದ್ದು, ಬರದೇ ಹೋದ ಭಾನುವಾರಗಳು. ಆ ನಾಲ್ಕು ಟೈರು ಕೊಯ್ದದ್ದು ಸಂಜೀವಯ್ಯನವರೇ, ಸುಳ್ಳು ಹೇಳಿದವನು ನಾನು ಎಂದು ಎರಡು ಸಲ ಹೇಳಿದೆ. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮೇಷ್ಟ್ರು ನಿಧಾನವಾಗಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣೂ ತುಂಬಿತ್ತು.

“ದೊಡ್ಡ ಮನಸ್ಸು ಸಾರ್ ನಿಮ್ದು,” ಎಂದರು. “ಸತ್ತೋರ ಮಾತು ಉಳಿಸೋಕೆ ನಿಮ್ಮ ಹೆಸರನ್ನೇ ಬಿಟ್ಟುಕೊಡ್ತೀರಲ್ಲ. ಎಷ್ಟು ಜನ ಮಾಡ್ತಾರೆ ಇದನ್ನ?” ಆಮೇಲೆ ಸಭೆಯ ಕಡೆ ತಿರುಗಿ ಕೈಮುಗಿದು “ಸಾಧು” ಎಂದರು. ನಲವತ್ತೂ ಜನ ಕೈಮುಗಿದು, ಒಳ್ಳೆಯ ಕೆಲಸ ಕಂಡಾಗ ಅವರು ಹೇಳುವಂತೆ, ಒಂದೇ ದನಿಯಲ್ಲಿ ಹೇಳಿದರು, “ಸಾಧು, ಸಾಧು, ಸಾಧು.”

ಅಲ್ಲ, ಇದು ನಿಜ, ನಿಜವಾಗಿಯೂ ನಡೆದದ್ದು ಎಂದು ನಾನು ಅನ್ನುತ್ತಲೇ ಇದ್ದೆ. ಜನ ಎದ್ದು ಚಾಪೆ ಮಡಚುತ್ತಿದ್ದರು. ಕೆಲವರು ಹತ್ತಿರ ಬಂದು ನನಗೆ ನಮಸ್ಕಾರ ಮಾಡಿ ಹೋದರು. ತಿಮ್ಮಕ್ಕ ಗೋಡೆಗೆ ಒರಗಿ ಕೂತವರು ಮುಖಕ್ಕೆ ಸೆರಗು ಮುಚ್ಚಿಕೊಂಡರು.

ಲತಾಮಣಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಥ್ಯಾಂಕ್ಸ್ ಅಂಕಲ್.”

“ಥ್ಯಾಂಕ್ಸ್ ಹೇಳ್ಬೇಡಮ್ಮ. ನಿಮ್ಮಪ್ಪ ಹೇಳಿದ್ದೇ ನಿಜ. ನನ್ನ ಮಗನಾಣೆಗೂ ನಿಜ.”

ಅವಳು ನನ್ನನ್ನು ಕನಿಕರದಿಂದ ನೋಡಿದಳು. ಟ್ಯೂಶನ್ನಿಗೆ ಬರುವ ಮಕ್ಕಳು ತಪ್ಪು ಉತ್ತರಕ್ಕೆ ಹಟ ಹಿಡಿದಾಗ ಹೀಗೇ ನೋಡುತ್ತಿದ್ದಳೋ ಏನೋ.

“ಆಣೆ ಎಲ್ಲ ಯಾಕೆ ಅಂಕಲ್? ಅಪ್ಪ ಆ ಒಂದು ವಿಷಯದಲ್ಲಿ ಸುಳ್ಳು ಹೇಳಿದ್ರು, ಅಷ್ಟೇ. ನಮಗೋಸ್ಕರ ದೊಡ್ಡೋರಾಗಿ ಕಾಣ್ಬೇಕು ಅಂತ ಆಸೆ ಪಟ್ರೇನೋ. ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ. ಅವ್ರಿಗೆ ಅದನ್ನ ಹೇಳೋಕಾಗ್ಲಿಲ್ಲ,” ಎಂದು ತಟ್ಟೆಯನ್ನು ನನ್ನ ಕೈಗಿಟ್ಟಳು. “ಬಿಸಿ ಇದೆ, ತಗೊಳ್ಳಿ.”